ಟಿಕೆಟ್ ಇಲ್ಲದವರ ಕ್ರೀಡಾಂಗಣ



ವಿಶ್ವಕಪ್ ಫುಟ್‌ಬಾಲ್ ನಿಮ್ಮ ಊರಿನಲ್ಲೇ ನಡೆಯುತ್ತಿದೆ. ಆದರೆ ನಿಮಗೆ ಟಿಕೆಟ್ ಸಿಕ್ಕಿಲ್ಲ. ಆಗ ಏನು ಮಾಡುವಿರಿ? ಮನೆಯಲ್ಲಿ ಕುಳಿತು ಟಿ.ವಿ. ನೋಡುವಿರಿ, ಅಷ್ಟೇ ತಾನೆ?

2006ರಲ್ಲಿ ಜರ್ಮನಿ ಇದಕ್ಕೆ ಬೇರೊಂದು ದಾರಿ ತೋರಿಸಿತು. ಜೂನ್ 9ರಿಂದ ಜುಲೈ 9ರವರೆಗೆ ಅಲ್ಲಿನ 12 ನಗರಗಳಲ್ಲಿ ಪಂದ್ಯಗಳು ನಡೆದವು. ರಾಜಧಾನಿ ಬರ್ಲಿನ್ನಿನಲ್ಲಿ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲಿನಿಂದ ವಿಜಯಸ್ತಂಭದವರೆಗಿನ ಸುಮಾರು 2 ಕಿಲೋಮೀಟರ್ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ, ಭಾರಿ ಟಿ.ವಿ. ಪರದೆಗಳನ್ನು ಎತ್ತಿ ನಿಲ್ಲಿಸಿದರು. ಪ್ರವೇಶ ಉಚಿತ. ಜನ ಇದನ್ನು ‘ಫಾನ್‌ಮೈಲ’, ಅಂದರೆ ಅಭಿಮಾನಿಗಳ ಮೈಲಿ ಎಂದು ಕರೆದರು. ಅದೇ ಆ ವರ್ಷದ ಜರ್ಮನ್ ಪದವೆಂದೂ ಆಯ್ಕೆಯಾಯಿತು.

ಜಾಗದ ವಿಶೇಷವನ್ನೂ ಗಮನಿಸಿ. 1961ರಿಂದ 1989ರವರೆಗೆ ನಗರವನ್ನು ಸೀಳಿದ್ದ ಗೋಡೆ ಈ ಹೆಬ್ಬಾಗಿಲಿನ ಎದುರಿಗೇ ಹಾದುಹೋಗಿತ್ತು. ಎರಡನೆಯ ಮಹಾಯುದ್ಧದ ನೆನಪಿನಿಂದ ಜರ್ಮನರು ತಮ್ಮ ಬಾವುಟ ಬೀಸಲೂ ಹಿಂಜರಿಯುತ್ತಿದ್ದರು. ಆ ಒಂದು ತಿಂಗಳು ಮಾತ್ರ ಕಾರುಗಳ ಮೇಲೆ, ಮಕ್ಕಳ ಕೆನ್ನೆಯ ಮೇಲೆ ಕಪ್ಪು, ಕೆಂಪು, ಹೊಂಬಣ್ಣಗಳು ರಾರಾಜಿಸಿದವು. ಪಕ್ಕದಲ್ಲೇ ಪರದೇಶಗಳ ಬಾವುಟಗಳೂ ಇದ್ದವು. ಜುಲೈ 4ರ ಸೆಮಿಫೈನಲ್‌ನಲ್ಲಿ ಜರ್ಮನಿ ಇಟಲಿಗೆ ಸೋತಿತು. ಆದರೂ ಜುಲೈ 9ರಂದು, ಮೂರನೆಯ ಸ್ಥಾನ ಪಡೆದ ತಂಡವನ್ನು ಸ್ವಾಗತಿಸಲು ಲಕ್ಷಗಟ್ಟಲೆ ಜನ ಅದೇ ರಸ್ತೆಗೆ ಬಂದರು!

ಈಗ ಪರದೆಯ ಹಿಂದಿನ ವಿಜ್ಞಾನಕ್ಕೆ ಬರೋಣ.

ಮೊದಲು ಬೆಳಕು. ಜೂನ್ ಕೊನೆಯಲ್ಲಿ ಬರ್ಲಿನ್ನಿನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಸಿನಿಮಾದಂತೆ ಬಟ್ಟೆಯ ಮೇಲೆ ಚಿತ್ರ ಬಿಟ್ಟರೆ ಬಿಸಿಲಿನಲ್ಲಿ ಏನೂ ಕಾಣದು. ಆದ್ದರಿಂದ ಇಂಥ ಕಡೆ ತಾನೇ ಬೆಳಗುವ ಎಲ್‌ಇಡಿ ಪರದೆ ಬೇಕು. ಅದರಲ್ಲಿ ಕೆಂಪು, ಹಸಿರು, ನೀಲಿ ದೀಪದ ಚುಕ್ಕಿಗಳಿರುತ್ತವೆ. ದೂರದಿಂದ ನೋಡುವ ಕಣ್ಣು ಅವುಗಳನ್ನು ಬೆರೆಸಿ ಚಿತ್ರ ಮಾಡಿಕೊಳ್ಳುತ್ತದೆ.

ಇನ್ನು ಧ್ವನಿ. ಅದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಧ್ವನಿವರ್ಧಕ ನಿಮ್ಮಿಂದ 680 ಮೀಟರ್ ದೂರದಲ್ಲಿದ್ದರೆ, ಚೆಂಡು ಬಲೆ ಸೇರಿದ್ದನ್ನು ಕಣ್ಣು ಕಂಡ ಎರಡು ಸೆಕೆಂಡಿನ ಮೇಲೆ ಕಿವಿಗೆ ‘ಗೋಲ್!’ ಕೇಳಿಸುತ್ತದೆ. ಉದ್ದನೆಯ ಜಾಗದಲ್ಲಿ ಅಲ್ಲಲ್ಲಿ ಪರದೆ, ಧ್ವನಿವರ್ಧಕಗಳನ್ನು ಇಡುವುದು ಇದಕ್ಕಾಗಿಯೇ.

ಇವೆರಡಕ್ಕಿಂತ ಮುಖ್ಯವಾದದ್ದು ಮೂರನೆಯದು, ಜನಸಂದಣಿ. ಒಂದು ಚದರ ಮೀಟರಿನಲ್ಲಿ ಇಬ್ಬರಿದ್ದರೆ ಸರಾಗವಾಗಿ ನಡೆಯಬಹುದು. ಐದಾರು ಜನ ಮೀರಿದರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಹಿಂದಿನವರ ಒಂದು ತಳ್ಳು ನೀರಿನ ಅಲೆಯಂತೆ ಮುಂದಕ್ಕೆ ಸಾಗುತ್ತದೆ. ಒತ್ತಡಕ್ಕೆ ಸಿಕ್ಕ ಎದೆ ಹಿಗ್ಗಲಾರದು, ಉಸಿರು ಕಟ್ಟುತ್ತದೆ. ಕಾಲ್ತುಳಿತವೆಂದು ನಾವು ಕರೆಯುವ ದುರಂತಗಳಲ್ಲಿ ಅನೇಕರು ಸಾಯುವುದು ತುಳಿತದಿಂದಲ್ಲ, ನಿಂತಲ್ಲೇ ಉಸಿರುಗಟ್ಟಿ.

ಇದು ದೂರದ ಮಾತಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ನೆರೆದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹಲವರು ಎಳೆಯ ವಯಸ್ಸಿನವರು. ಬರ್ಲಿನ್ನಿನ ಜನ ನಮಗಿಂತ ಶಿಸ್ತಿನವರು ಎಂದು ಹೇಳಿ ಸುಮ್ಮನಾಗಬೇಡಿ. ಅಲ್ಲಿ ರಸ್ತೆ ತುಂಬಿದೊಡನೆ ಪ್ರವೇಶ ಮುಚ್ಚುತ್ತಿದ್ದರು. ಜನರಿಗೆ ಎಷ್ಟು ಜಾಗವಿದೆ, ಹೊರಹೋಗಲು ಎಷ್ಟು ದಾರಿಯಿದೆ ಎಂಬ ಲೆಕ್ಕ ಹಾಕುವುದು ಏರ್ಪಾಡು ಮಾಡುವವರ ಹೊಣೆ, ನುಗ್ಗಿ ಬಂದವರ ತಪ್ಪಲ್ಲ.

ಆದರೂ ನಿಮಗೆ ತಿಳಿದಿರಬೇಕಾದ ಮಾತುಗಳಿವೆ. ನಾಲ್ಕೂ ಕಡೆಯಿಂದ ಮೈಗೆ ಮೈ ತಾಗತೊಡಗಿದರೆ ಅದೇ ಎಚ್ಚರಿಕೆ. ಆಗಲೇ ಹೊರಗೆ ಬನ್ನಿ. ಸಿಕ್ಕಿಕೊಂಡರೆ ಎರಡೂ ತೋಳುಗಳನ್ನು ಎದೆಯ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ಚಪ್ಪಲಿ ಬಿದ್ದರೂ ಬಗ್ಗಬೇಡಿ. ಅಲೆಗೆ ಎದುರು ನಿಲ್ಲಬೇಡಿ. ಅದು ತಗ್ಗಿದಾಗ ಓರೆಯಾಗಿ ಅಂಚಿನತ್ತ ಸರಿಯಿರಿ.

ನಾಳೆ ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರಿನ ಚೌಕ ಬರೆಯಿರಿ. ಮೊದಲು ಇಬ್ಬರು, ಆಮೇಲೆ ನಾಲ್ವರು ನಿಂತು ನೋಡಿ. ಸಂಭ್ರಮಕ್ಕೆ ಎಷ್ಟು ಜಾಗ ಬೇಕೆಂಬುದು ನಿಮಗೇ ತಿಳಿಯುತ್ತದೆ.