ಮೊಸಳೆಯ ಮೊಟ್ಟೆಯೂ ನದಿಯ ಮರಳೂ

ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟಿಗೆ ಹೋಗಿ ಬಂದವರು ಕಾವೇರಿಯ ಬಂಡೆಗಳ ಮೇಲೆ ಬಾಯಿ ತೆರೆದುಕೊಂಡು ಬಿಸಿಲು ಕಾಯುವ ಮೊಸಳೆಯನ್ನು ಕಂಡೇ ಇರುತ್ತಾರೆ. ಅದನ್ನು ಕಂಡೊಡನೆ ದೋಣಿಯಲ್ಲಿ ಕುಳಿತವರು ನೀರಿನಲ್ಲಿ ಆಡಿಸುತ್ತಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಈ ಭಯ ಅಕಾರಣವಾದುದಲ್ಲ. ಮೊಸಳೆಯಿಂದ ದನಕರುಗಳಿಗೂ ಒಮ್ಮೊಮ್ಮೆ ಮನುಷ್ಯರಿಗೂ ಅಪಾಯವುಂಟು. ಆದರೆ ಮೊಸಳೆಯಿಂದ ನಮಗೆ ಒದಗುವ ಅಪಾಯಕ್ಕಿಂತ ನಮ್ಮಿಂದ ಮೊಸಳೆಗೆ ಒದಗಿರುವ ಅಪಾಯ ಎಷ್ಟೋ ಪಾಲು ಹೆಚ್ಚಿನದು.

ಮೊಸಳೆಗೆ ತನ್ನ ಮೈಯಲ್ಲಿಯೇ ಶಾಖವನ್ನು ಹುಟ್ಟಿಸಿ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಬಿಸಿಲಿನಿಂದ ಅದನ್ನು ಪಡೆಯಬೇಕು, ಹೆಚ್ಚಾದರೆ ನೀರಿಗೆ ಇಳಿಯಬೇಕು. ಮೊಟ್ಟೆಗೂ ಅಷ್ಟೆ. ತಾಯಿ ಕಾವು ಕೊಡುವುದಿಲ್ಲ. ದಡದಲ್ಲಿ ಗುಳಿ ತೋಡಿ ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಕಾವು ಕೊಡತಕ್ಕದ್ದು ಮರಳು. ಸುಮಾರು ಎರಡು ತಿಂಗಳಾದ ಮೇಲೆ ಮರಿಗಳು ಚಿಪ್ಪಿನೊಳಗಿಂದಲೇ ಕೂಗಲಾರಂಭಿಸುತ್ತವೆ. ತಾಯಿ ಆ ಧ್ವನಿಯನ್ನು ಕೇಳಿ, ಮಣ್ಣನ್ನು ಕೆದರಿ, ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ನೀರಿಗೆ ಒಯ್ಯುತ್ತದೆ. ಮಹಾಬಲಿಪುರದ ಬಳಿ 1976ರಲ್ಲಿ ಸ್ಥಾಪಿತವಾದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕಿನಲ್ಲಿ ತಂದೆಯೂ ಈ ಕೆಲಸವನ್ನು ಮಾಡಿದುದನ್ನು ಶಾಸ್ತ್ರಜ್ಞರು ನೋಡಿ ಬರೆದಿಟ್ಟಿದ್ದಾರೆ. ಎತ್ತಿನ ಕಾಲನ್ನು ಮುರಿಯಬಲ್ಲ ದವಡೆ ಪುಟ್ಟ ಮರಿಯನ್ನು ನೋಯಿಸದೆ ಹಿಡಿಯುತ್ತದೆ.

ಇದಕ್ಕಿಂತ ವಿಸ್ಮಯಕರವಾದ ಸಂಗತಿ ಮತ್ತೊಂದು. ಮನುಷ್ಯರಲ್ಲಿ ಗಂಡು ಹೆಣ್ಣೆಂಬುದು ಗರ್ಭ ನಿಂತ ಕ್ಷಣದಲ್ಲಿಯೇ ನಿಶ್ಚಿತವಾಗುತ್ತದೆ. ಮೊಸಳೆಯಲ್ಲಿ ಹಾಗಲ್ಲ, ಅದನ್ನು ನಿಶ್ಚಯಿಸತಕ್ಕದ್ದು ಗೂಡಿನ ಶಾಖ. ಅಮೆರಿಕದ ಆಲಿಗೇಟರಿನ ವಿಷಯದಲ್ಲಿ ಫರ್ಗುಸನ್ ಮತ್ತು ಜೋನೆನ್ ಎಂಬವರು ಇದನ್ನು 1982ರಲ್ಲಿ ಪ್ರಕಟಿಸಿದರು. ನಮ್ಮ ನದಿಗಳ ಮೊಸಳೆಯ ಮೊಟ್ಟೆಗಳನ್ನು ಮೇಲೆ ಹೇಳಿದ ಸಂಸ್ಥೆಯಲ್ಲಿ ಪರೀಕ್ಷಿಸಿದ ಫಲಿತಾಂಶ 1989ರಲ್ಲಿ ಹೊರಬಿದ್ದಿತು. ಸೆಂಟಿಗ್ರೇಡ್ ಮಾನದಲ್ಲಿ 28ರಿಂದ 31 ಡಿಗ್ರಿಯವರೆಗಿನ ಕಾವಿನಲ್ಲಿ ಇಟ್ಟವೆಲ್ಲ ಹೆಣ್ಣಾದುವು, 32.5ರಲ್ಲಿ ಇಟ್ಟವು ಗಂಡಾದುವು. ಇನ್ನೂ ಅರ್ಧ ಡಿಗ್ರಿ ಏರಿಸಿದರೆ ಮತ್ತೆ ಹೆಣ್ಣುಗಳು ಬೆರೆತು ಬಂದುವು! ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಗುವುದುಂಟು. ಆದರೆ ಗುಳಿಯ ಆಳ, ದಡದ ನೆರಳು, ಮರಳಿನ ತೇವ ಇವುಗಳಲ್ಲಿ ಒಂದು ಬದಲಾದರೂ ಮುಂದಿನ ತಲೆಮಾರಿನ ಗಂಡು ಹೆಣ್ಣುಗಳ ಪ್ರಮಾಣವೇ ಬದಲಾದೀತೆಂಬುದು ನಗುವ ಮಾತಲ್ಲ.

ಭಾರತದಲ್ಲಿ ಮೊಸಳೆಯ ಜಾತಿಗಳು ಮೂರು. ಅವುಗಳಲ್ಲಿ ಘರಿಯಲ್ ಎಂಬುದು ಗಂಗೆ, ಮಹಾನದಿ ಮೊದಲಾದ ಉತ್ತರದ ನದಿಗಳದು. ಉದ್ದವಾದ ಸಪುರ ಮೂತಿ. ಬೆಳೆದ ಗಂಡಿನ ಮೂತಿಯ ತುದಿಯಲ್ಲಿ ಮಡಕೆಯಂತಹ ಗಂಟು. ಘರಾ, ಎಂದರೆ ಮಡಕೆ, ಎಂಬುದರಿಂದಲೇ ಆ ಹೆಸರು ಬಂದಿದೆ. ಮೀನನ್ನು ತಿಂದು ಬದುಕುವ ಈ ಪ್ರಾಣಿ ಮನುಷ್ಯನ ತಂಟೆಗೆ ಬರುವುದಿಲ್ಲ. ಆದರೂ ನಾಶದ ಅಂಚಿಗೆ ಎಲ್ಲಕ್ಕಿಂತ ಹತ್ತಿರವಾದುದು ಇದೇ. ಚರ್ಮದ ವ್ಯಾಪಾರ, ಅಣೆಕಟ್ಟು, ಬಲೆ ಇವು ಮೂರೂ ಸೇರಿ ಅದನ್ನು ಅಲ್ಲಿಗೆ ತಳ್ಳಿದುವು.

1972ರ ಕಾನೂನು ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ಭಾರತ ಸರ್ಕಾರ ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆಗಳ ರಕ್ಷಣೆಯ ಯೋಜನೆಯನ್ನು ಆರಂಭಿಸಿತು. ನದಿಯ ದಡದಿಂದ ಮೊಟ್ಟೆಗಳನ್ನು ಆಯ್ದು ತಂದು, ಮರಿ ಮಾಡಿಸಿ, ನಾಲ್ಕು ಅಡಿ ಬೆಳೆಸಿ, ಮತ್ತೆ ನದಿಗೆ ಬಿಡುವುದು ಕ್ರಮ. ಒಡಿಶಾದ ನಂದನಕಾನನದಲ್ಲಿ ಸಂತಾನಕ್ಕೆ ಗಂಡು ಸಾಲದೆ ಜರ್ಮನಿಯ ಫ್ರಾಂಕ್‌ಫರ್ಟ್ ಮೃಗಶಾಲೆಯಿಂದ ಒಂದನ್ನು ತರಿಸಬೇಕಾಯಿತು. ಗಂಗೆಯ ಪ್ರಾಣಿಗೆ ರೈನಿನ ಸೀಮೆಯಿಂದ ವರ! 1980ರಲ್ಲಿ ಅಲ್ಲಿ ಮರಿಗಳಾದುವು.

ಸಾಕುವ ಕೆಲಸ ಕೈಗೂಡಿತು. ಬಿಟ್ಟ ಮರಿಗಳು ಉಳಿಯುವ ಕೆಲಸ ಕೈಗೂಡಲಿಲ್ಲ. ಸಾವಿರಾರು ಘರಿಯಲುಗಳನ್ನು ಬಿಟ್ಟ ಬಳಿಕವೂ 2007ರ ಹೊತ್ತಿಗೆ ಪ್ರಾಯಕ್ಕೆ ಬಂದವು ಲೋಕದಲ್ಲಿ ಸುಮಾರು ಇನ್ನೂರೇ ಎಂದು ಅಂದಾಜಾಯಿತು. ಹಲ್ಲು ತುಂಬಿದ ಆ ಮೂತಿ ಮೀನಿನ ಬಲೆಗೆ ಸುಲಭವಾಗಿ ತೊಡರುತ್ತದೆ. ಪ್ರಾಣಿ ಉಸಿರಿಗೆ ಮೇಲೇಳಲಾರದೆ ಸಾಯುತ್ತದೆ. ಮನೆ ಕಟ್ಟಲು ಮರಳನ್ನು ತೆಗೆದ ದಡದಲ್ಲಿ ಮೊಟ್ಟೆಯಿಡಲು ಸ್ಥಳವಿಲ್ಲ. ಅವು ಹೆಚ್ಚಾಗಿ ಉಳಿದಿದ್ದ ಚಂಬಲ್ ನದಿಯಲ್ಲಿಯೇ 2007-08ರ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಸತ್ತುವು. ಕೊಯ್ದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿದ್ದುವು. ನೀರಿಗೆ ಸೇರಿದ ವಿಷವೇ ಕಾರಣವೆಂದು ಸಂದೇಹಪಟ್ಟರು.

ಬಲೆ ಬೀಸುವ ಬೆಸ್ತರನ್ನಾಗಲಿ ಮರಳು ಹೊರುವ ಕೂಲಿಯವನನ್ನಾಗಲಿ ದೂರುವುದು ಸುಲಭ. ಆ ಮರಳಿನ ಮನೆಗಳಲ್ಲಿ ವಾಸಿಸುವವರು ನಾವು. ನದಿಯನ್ನೇ ನಂಬಿದವನಿಗೆ ಬೇರೆ ಜೀವನೋಪಾಯ ತೋರಿಸದೆ ಬಲೆಯನ್ನು ಮಾತ್ರ ಕಿತ್ತುಕೊಂಡರೆ ಅವನು ಮೊಸಳೆಯ ಮಿತ್ರನಾಗುವುದು ಹೇಗೆ?

ಒಡಿಶಾದ ಸತಕೋಸಿಯಾದಲ್ಲಿ ಮಹಾನದಿ ಬೆಟ್ಟಗಳ ನಡುವೆ ಹರಿಯುತ್ತದೆ. 1975ರ ಕೆಲಸ ಮೊದಲಾದುದು ಅಲ್ಲಿಯೇ. ನೂರಾರು ಮರಿಗಳನ್ನು ಬಿಟ್ಟರೂ ನಾಲ್ಕು ದಶಕಗಳ ಕಾಲ ಆ ನದಿಯಲ್ಲಿ ತಾನಾಗಿ ಹುಟ್ಟಿದ ಮರಿ ಕಾಣಲಿಲ್ಲ. 2021ರ ಬೇಸಿಗೆಯಲ್ಲಿ 28 ಮರಿಗಳು ಕಂಡುವು. ಅವುಗಳನ್ನು ಯಾರೂ ಪೆಟ್ಟಿಗೆಯಲ್ಲಿ ತಂದು ಬಿಟ್ಟಿರಲಿಲ್ಲ. ಕಾವು ಕೊಟ್ಟುದು ಅಲ್ಲಿಯ ಮರಳು.