ನರರೋಗ ಮತ್ತು ಮೂತ್ರಕೋಶ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಆದರೆ ಮಾತನ್ನು ಆಡದೆ ಇದ್ದುದರಿಂದಲೇ ಬೆಳೆಯುವ ರೋಗಗಳೂ ಉಂಟು. ತಲೆನೋವು ಬಂದರೆ ನೆರೆಮನೆಗೂ ಸುದ್ದಿ ಮುಟ್ಟಿಸುವ ನಾವು, ಮೂತ್ರದ ತೊಂದರೆಯಾದರೆ ಮನೆಯವರೊಡನೆಯೂ ಬಾಯಿ ಬಿಡೆವು. ನಮ್ಮ ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಮೂತ್ರಕೋಶವನ್ನು ‘ಬಸ್ತಿ’ ಎಂದು ಕರೆದು, ಹೃದಯ ಮತ್ತು ಶಿರಸ್ಸುಗಳ ಜೊತೆಗೆ ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಚರಕಸಂಹಿತೆ ಎಣಿಸಿದೆ.

ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಪಾರ್ಕಿನ್‌ಸನ್ ರೋಗದವರು, ಬಹುಕಾಲದಿಂದ ಸಿಹಿಮೂತ್ರ ರೋಗವಿರುವವರು, ಬೆನ್ನೆಲುಬು ಪೂರ್ಣವಾಗಿ ಕೂಡದೆ ಹುಟ್ಟಿದ ಮಕ್ಕಳು, ಇವರಲ್ಲಿ ಅನೇಕರಿಗೆ ನರಗಳು ಕೆಟ್ಟು ಮೂತ್ರಕೋಶದ ಹಿಡಿತ ತಪ್ಪುತ್ತದೆ. ಈ ವಿಷಯದಲ್ಲಿ ವೈದ್ಯಶಾಸ್ತ್ರ ಕಂಡುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೂತ್ರಕೋಶವನ್ನು ಒಂದು ಕೆರೆಯೆಂದು ಭಾವಿಸಿರಿ. ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು ಒಂದೂವರೆ ಲೀಟರು ಮೂತ್ರವನ್ನು ತೊಟ್ಟುತೊಟ್ಟಾಗಿ ಅದಕ್ಕೆ ಹರಿಸುತ್ತವೆ. ದೊಡ್ಡವರಲ್ಲಿ ಅದು 400ರಿಂದ 500 ಮಿಲಿಲೀಟರಿನಷ್ಟನ್ನು ಹಿಡಿಯಬಲ್ಲುದು. ಕೆಳಬಾಯಿಯಲ್ಲಿರುವ ಬಿಗಿಸ್ನಾಯುವೇ ತೂಬು. ಅದನ್ನು ಕಾಯುವ ನೀರುಗಂಟಿ ಬೆನ್ನುಹುರಿಯ ಕೆಳತುದಿಯಲ್ಲಿದ್ದಾನೆ. ಅವನ ಮೇಲಿನ ಯಜಮಾನ ಮಿದುಳು. ಕೆರೆ ತುಂಬುತ್ತ ಬಂದಿತೆಂದು ಕೆಳಗಿನಿಂದ ವರದಿ ಹೋಗುತ್ತದೆ. ‘ತಾಳು, ಇದು ಹೊತ್ತಲ್ಲ’ ಎಂದು ಯಜಮಾನ ತಡೆದಿರುತ್ತಾನೆ. ಅಪ್ಪಣೆಯಾದೊಡನೆ ತೂಬು ಸಡಿಲುತ್ತದೆ, ಅದೇ ವೇಳೆಗೆ ಮೂತ್ರಕೋಶದ ಗೋಡೆ ಹಿಂಡುತ್ತದೆ. ಈ ಎರಡು ಕೆಲಸಗಳನ್ನು ಹೊಂದಿಸುವ ಕೇಂದ್ರ ಮಿದುಳಿನ ಬುಡದಲ್ಲಿದೆಯೆಂದು ಇಂಗ್ಲೆಂಡಿನ ಬ್ಯಾರಿಂಗ್‌ಟನ್ ಎಂಬ ವಿಜ್ಞಾನಿ 1925ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟನು.

ನರಕ್ಕೆ ಎಲ್ಲಿ ಪೆಟ್ಟು ಬಿದ್ದಿತೆಂಬುದರ ಮೇಲೆ ತೊಂದರೆಯ ಸ್ವರೂಪ ನಿಲ್ಲುತ್ತದೆ. ಮಿದುಳಿಗೆ ಏಟಾದರೆ ಯಜಮಾನನ ತಡೆ ಸಡಿಲಿ, ಅವಸರ ಹೆಚ್ಚುತ್ತದೆ. ಬಚ್ಚಲು ತಲುಪುವುದರೊಳಗೆ ಬಟ್ಟೆ ಒದ್ದೆಯಾಗುತ್ತದೆ. ನೀರುಗಂಟಿಗೇ ಅಥವಾ ಅವನಿಂದ ಹೊರಟ ನರಗಳಿಗೇ ಪೆಟ್ಟಾದರೆ ಗೋಡೆ ಜೋಲುತ್ತದೆ, ಹಿಂಡುವ ಶಕ್ತಿ ಹೋಗುತ್ತದೆ. ಆಗ ಕೆರೆ ತುಂಬಿ ಕೋಡಿ ಬೀಳುತ್ತದೆ. ಇಲ್ಲಿ ಮನೆಯವರು ಮೋಸಹೋಗುವುದು ಸಹಜ. ಹನಿಹನಿಯಾಗಿ ಸೋರುತ್ತಿರುವುದನ್ನು ಕಂಡು ‘ಮೂತ್ರ ಹೋಗುತ್ತಲೇ ಇದೆಯಲ್ಲ’ ಎನ್ನುತ್ತಾರೆ. ಕೋಡಿ ಹರಿಯುವ ಕೆರೆ ಬರಿದಾದ ಕೆರೆಯಲ್ಲ. ತುಂಬಿ ತುಳುಕುವ ಕೆರೆ! ಇವೆರಡರ ನಡುವೆ, ಬೆನ್ನುಹುರಿಯೇ ತುಂಡಾಗಿದ್ದರೆ ಇನ್ನೊಂದು ಅಪಾಯ. ಯಜಮಾನನ ಅಪ್ಪಣೆ ತಲುಪದ ಕಾರಣ, ಗೋಡೆ ಹಿಂಡುವ ಹೊತ್ತಿಗೇ ತೂಬು ಬಿಗಿಯುತ್ತದೆ. ಒಳಗಿನ ಒತ್ತಡ ಏರಿ ಮೂತ್ರವು ಮೇಲಕ್ಕೆ, ಮೂತ್ರಪಿಂಡಗಳ ಕಡೆಗೆ ನುಗ್ಗುತ್ತದೆ. ಬಟ್ಟೆ ಒದ್ದೆಯಾಗುವುದು ಕಣ್ಣಿಗೆ ಕಾಣುವ ಕಷ್ಟ; ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುವುದು ಕಾಣದ ಕಷ್ಟ.

ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಮಂದಿ ಮೂತ್ರದ ನಂಜಿನಿಂದಲೂ ಹಾಸಿಗೆಹುಣ್ಣಿನಿಂದಲೂ ಸತ್ತರು. ಅಂಥವರಿಗೆ ಬದುಕಿಲ್ಲವೆಂಬುದೇ ಅಂದಿನ ವೈದ್ಯರ ನಂಬಿಕೆ. ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಆಶ್ರಯ ಕೋರಿ ಬಂದ ಲುಡ್ವಿಗ್ ಗಟ್‌ಮನ್ನರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗವನ್ನು ಆರಂಭಿಸಿ ಈ ನಂಬಿಕೆಯನ್ನು ಅಲುಗಿಸಿದರು. ನಳಿಕೆಯನ್ನು ಸದಾ ಒಳಗೇ ಬಿಡುವ ಬದಲು, ಹೊತ್ತುಹೊತ್ತಿಗೆ ಹಾಕಿ, ಮೂತ್ರ ತೆಗೆದು, ನಳಿಕೆಯನ್ನೂ ಹೊರತೆಗೆಯುವ ಕ್ರಮವನ್ನು ಅವರು ರೂಢಿಗೆ ತಂದರು. ಈ ಕ್ರಮದ ಫಲಗಳನ್ನು ಸಹೋದ್ಯೋಗಿ ಫ್ರಾಂಕೆಲ್‌ರೊಡನೆ 1966ರಲ್ಲಿ ಪ್ರಕಟಿಸಿದರು. ಆದರೆ ಅದು ಕ್ರಿಮಿಶುದ್ಧವಾದ ಸಲಕರಣೆ ಮತ್ತು ನುರಿತ ಕೈಗಳನ್ನು ಬೇಡುತ್ತಿತ್ತು. ಮನೆಗೆ ಹೋದ ರೋಗಿಗೆ ಅವು ಎಲ್ಲಿಂದ ಬಂದಾವು?

ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್. ಅವರೂ ಅವರ ಸಂಗಡಿಗರೂ 1972ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಸರಳವಾದುದು: ರೋಗಿಯು ಸಾಬೂನಿನಿಂದ ಕೈ ತೊಳೆದು, ಶುಚಿಯಾದ ನಳಿಕೆಯಿಂದ, ತಾನೇ ಹೊತ್ತುಹೊತ್ತಿಗೆ ಮೂತ್ರ ತೆಗೆದುಕೊಂಡರೆ ಸಾಕು, ಶಸ್ತ್ರಚಿಕಿತ್ಸೆಯ ಕೊಠಡಿಯ ಮಡಿ ಬೇಕಿಲ್ಲ. ಅವರು ಕೊಟ್ಟ ಕಾರಣ ಗಮನಾರ್ಹವಾದುದು. ಮೂತ್ರಕೋಶ ಅತಿಯಾಗಿ ಹಿಗ್ಗಿದಾಗ ಅದರ ಗೋಡೆಗೆ ರಕ್ತಸಂಚಾರ ಕುಗ್ಗುತ್ತದೆ. ಗೋಡೆ ಬಲಗುಂದಿದಾಗ ಕ್ರಿಮಿಗಳಿಗೆ ಎಡೆ ಸಿಗುತ್ತದೆ. ಆದ್ದರಿಂದ ಒಂದೆರಡು ಕ್ರಿಮಿಗಳು ಒಳಹೊಗುವುದಕ್ಕಿಂತ ಕೆರೆ ಹೊತ್ತಿಗೆ ಸರಿಯಾಗಿ ಬರಿದಾಗದಿರುವುದೇ ಹೆಚ್ಚು ಕೇಡು. ಮೊದಲು ಅನೇಕ ವೈದ್ಯರು ಹುಬ್ಬೇರಿಸಿದರು. ಇಂದು ಕೈ ಸ್ವಾಧೀನವಿರುವ ರೋಗಿಗಳಿಗೆ ಜಗತ್ತಿನ ಎಲ್ಲೆಡೆಯೂ ಮೊದಲು ಕಲಿಸುವ ಕ್ರಮ ಇದೇ. ದಿನಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಬಾರಿ ತೆಗೆಯಬೇಕಾಗುತ್ತದೆ.

ಒತ್ತಡ ಎಷ್ಟಾದರೆ ಅಪಾಯ? ಇದನ್ನು ಅಳೆದು ನೋಡಿದವರು ಅಮೆರಿಕದ ಎಡ್ವರ್ಡ್ ಮೆಕ್‌ಗ್ವಾಯರ್. ಬೆನ್ನುಹುರಿಯ ಜನ್ಮದೋಷವಿದ್ದ ಮಕ್ಕಳಲ್ಲಿ, ಮೂತ್ರ ಸೋರುವ ವೇಳೆಗೆ ಒಳಗಿನ ಒತ್ತಡ 40 ಸೆಂಟಿಮೀಟರು ನೀರಿನ ಎತ್ತರವನ್ನು ಮೀರಿದ್ದರೆ ಮೇಲಿನ ನಾಳಗಳೂ ಮೂತ್ರಪಿಂಡಗಳೂ ಕೆಡುವುದು ಹೆಚ್ಚೆಂದು ಅವರೂ ಸಂಗಡಿಗರೂ 1981ರಲ್ಲಿ ತೋರಿಸಿದರು. ಒತ್ತಡವನ್ನು ಇಳಿಸಲು ಆಕ್ಸಿಬ್ಯುಟಿನಿನ್ ಮೊದಲಾದ ಮಾತ್ರೆಗಳಿವೆ. ಬಾಯಿ ಒಣಗುವುದು, ಮಲಬದ್ಧತೆ ಅವುಗಳ ದೋಷ. ಮುದುಕರಲ್ಲಿ ಮರೆವನ್ನೂ ಗಮನಿಸಬೇಕು. ಮಾತ್ರೆ ಸಾಲದವರಿಗೆ ಬೊಟುಲಿನಮ್ ಎಂಬ ವಿಷದ ಅತ್ಯಲ್ಪ ಪ್ರಮಾಣವನ್ನು ಮೂತ್ರಕೋಶದ ಗೋಡೆಗೆ ಚುಚ್ಚುವ ಚಿಕಿತ್ಸೆಯನ್ನು ಸ್ವಿಟ್ಜರ್‌ಲೆಂಡಿನ ಶುರ್ಚ್ ಮತ್ತು ಸಂಗಡಿಗರು 2000ದಲ್ಲಿ ವರದಿಮಾಡಿದರು. ಅಮೆರಿಕದ ಸರಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ವಿಷವೂ ವಿವೇಕಿಯ ಕೈಯಲ್ಲಿ ಔಷಧವಾಗುವುದೆಂಬುದಕ್ಕೆ ಇದೊಂದು ನಿದರ್ಶನ. ಇದರ ಗುಣ ಕೆಲವು ತಿಂಗಳು ಮಾತ್ರ, ಮತ್ತೆ ಚುಚ್ಚಿಸಬೇಕು. ಇದನ್ನು ಪಡೆದವರಲ್ಲಿ ಅನೇಕರು ನಳಿಕೆಯಿಂದಲೇ ಮೂತ್ರ ತೆಗೆಯಬೇಕಾಗುತ್ತದೆ.

ಇನ್ನು ಮನೆಯವರು ನೆನಪಿಡಬೇಕಾದ ಕೆಲವು ಮಾತು. ಸೋರುವುದೆಂಬ ಭಯದಿಂದ ರೋಗಿಗೆ ನೀರು ಕೊಡದಿರುವುದು ತಪ್ಪು. ಎಷ್ಟು ನೀರು, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ನಳಿಕೆಯನ್ನು ವೈದ್ಯರೋ ದಾದಿಯೋ ಕಲಿಸಿದ ಮೇಲೆಯೇ ಬಳಸಿರಿ. ನಳಿಕೆ ಬಳಸುವವರ ಮೂತ್ರಪರೀಕ್ಷೆಯಲ್ಲಿ ಕ್ರಿಮಿ ಕಂಡ ಮಾತ್ರಕ್ಕೆ ಔಷಧ ಬೇಕೆಂದಿಲ್ಲ. ಆದರೆ ಚಳಿಜ್ವರ ಬಂದರೆ, ಸೊಂಟ ನೊಂದರೆ, ರಕ್ತ ಕಂಡರೆ ತಡಮಾಡಬಾರದು. ಎದೆಯ ಮಟ್ಟಕ್ಕೋ ಅದಕ್ಕೂ ಮೇಲಕ್ಕೋ ಬೆನ್ನುಹುರಿ ಕೆಟ್ಟವರಿಗೆ ಹಠಾತ್ತನೆ ತಲೆ ಸಿಡಿದು, ಮುಖ ಕೆಂಪೇರಿ, ಬೆವರು ಸುರಿದರೆ, ತುಂಬಿದ ಮೂತ್ರಕೋಶವೇ ರಕ್ತದ ಒತ್ತಡವನ್ನು ಏರಿಸಿರಬಹುದು. ಕೂಡಲೆ ಅವರನ್ನು ಎಬ್ಬಿಸಿ ಕೂರಿಸಿ, ಮೂತ್ರ ಹೊರಹೋಗುವಂತೆ ಮಾಡಿ, ವೈದ್ಯರನ್ನು ಕರೆಯಬೇಕು. ಸಿಹಿಮೂತ್ರ ರೋಗದವರಿಗೆ ತುಂಬಿದ ಅರಿವೇ ಮಂದವಾಗಬಹುದು. ಅವರು ಅರಿವಿಗೆ ಕಾಯದೆ ಗಡಿಯಾರ ನೋಡಿ ಹೋಗುವುದು ಲೇಸು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಒಂದು ವಿಭಾಗವಿದೆ. ಆದರೆ ಯಾವ ಆಸ್ಪತ್ರೆಯಾದರೂ ರೋಗಿ ಹೇಳಿಕೊಂಡರಲ್ಲವೆ ನೆರವಾದೀತು? ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಕೈಕಾಲುಗಳ ಮಾತು ಮುಗಿದ ಮೇಲೆ ಈ ಮಾತನ್ನೂ ನೀವೇ ಮೊದಲಾಗಿ ಎತ್ತಿರಿ.