ಗುಂಡಿನ ವೇಗ ಮತ್ತು ರಚನೆ

ಬಂದೂಕಿನ ಗುಂಡು ವೇಗವಾಗಿ ಬಡಿದಷ್ಟೂ ಆಳಕ್ಕೆ ಇಳಿಯುವುದೆಂಬುದು ಸಾಮಾನ್ಯವಾದ ನಂಬಿಕೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುವುದೆಂಬ ಭೌತವಿಜ್ಞಾನದ ನಿಯಮವೂ ಈ ನಂಬಿಕೆಯನ್ನು ಪುಷ್ಟೀಕರಿಸುವಂತೆ ತೋರುತ್ತದೆ. ಆದರೆ ಬಡಿದ ಮೇಲೆ ಗುಂಡು ತನ್ನ ಆಕಾರವನ್ನು ಉಳಿಸಿಕೊಳ್ಳದಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

1946ರಲ್ಲಿ ಅಮೆರಿಕದ ಜಾನ್ ನಾಸ್ಲರ್ ಎಂಬ ಬೇಟೆಗಾರನಿಗೆ ಇದರ ಅನುಭವವಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಜಿಂಕೆಗಳ ಕುಲದಲ್ಲೇ ಅತಿ ದೊಡ್ಡದಾದ ಮೂಸ್ ಪ್ರಾಣಿಗೆ ಆತನು ಗುಂಡು ಹಾರಿಸಿದನು. ರೈಫಲ್ ಪ್ರಬಲವಾಗಿತ್ತು, ಆದರೂ ಗುಂಡುಗಳು ಮರ್ಮಸ್ಥಾನವನ್ನು ಮುಟ್ಟದೆ ಒಡೆದುಹೋದವು.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಬೇಟೆಯ ಸಾಮಾನ್ಯ ಗುಂಡಿನ ಒಳಗೆ ಮೆದುವಾದ ಸೀಸವೂ ಹೊರಗೆ ತಾಮ್ರದ ತೆಳುವಾದ ಕವಚವೂ ಇರುತ್ತವೆ. ಬಡಿತಕ್ಕೆ ಮೂತಿ ಅಣಬೆಯಂತೆ ಅರಳುತ್ತದೆ. ಅದರ ವ್ಯಾಸ ಇಮ್ಮಡಿಯಾದರೆ ಎದುರು ಮೈ ನಾಲ್ಕು ಪಟ್ಟಾಗಿ, ಮಾಂಸದ ತಡೆಯೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗ ಮಿತಿಮೀರಿದಾಗ ಕವಚ ಹರಿದು ಸೀಸ ಚೂರಾಗುತ್ತದೆ. ಹಗುರವಾದ ಚೂರುಗಳು ಬೇಗನೆ ನಿಂತುಬಿಡುತ್ತವೆ. ಆದುದರಿಂದಲೇ ಸಮೀಪದಲ್ಲಿ ಒಡೆಯುವ ಗುಂಡು, ದೂರ ಕ್ರಮಿಸಿ ವೇಗ ತಗ್ಗಿದ ಮೇಲೆ ಹೆಚ್ಚು ಆಳಕ್ಕೆ ಇಳಿಯುವುದುಂಟು.

ಹಾಗೆಂದು ಅರಳದ ಗಟ್ಟಿ ಗುಂಡು ಎಲ್ಲ ಪ್ರಾಣಿಗಳಿಗೂ ತಕ್ಕುದಲ್ಲ. ಅದು ಕಿರಿದಾದ ರಂಧ್ರ ಕೊರೆದು ಆಚೆಗೆ ಹೊರಟುಹೋಗಬಹುದು. ಗುಂಡು ಮೇಲೆಯೇ ಒಡೆದರೂ, ಹೀಗೆ ತೂರಿಹೋದರೂ ಗಾಯಗೊಂಡ ಪ್ರಾಣಿ ಕಾಡಿನೊಳಗೆ ಓಡಿ ದೀರ್ಘಕಾಲ ನರಳುವ ಸಂಭವವಿದೆ.

ನಾಸ್ಲರನು ಗುಂಡಿನ ನಡುವೆ ತಾಮ್ರಲೋಹದ ಅಡ್ಡಗೋಡೆಯೊಂದನ್ನು ನಿರ್ಮಿಸಿದನು. ಮುಂದಿನ ಸೀಸ ಅರಳಿ ಚೆದುರಿದರೂ, ಗೋಡೆಯ ಹಿಂದಿನ ಸೀಸ ಹಾಗೆಯೇ ಉಳಿದು ತನ್ನ ತೂಕದಿಂದ ಗುಂಡನ್ನು ಒಳಕ್ಕೆ ನೂಕುತ್ತದೆ. 1948ರಲ್ಲಿ ಆತನು ಇದರ ತಯಾರಿಕೆಗೆಂದು ಸಂಸ್ಥೆಯನ್ನು ಸ್ಥಾಪಿಸಿದನು. 1980ರ ದಶಕದಲ್ಲಿ ಸೀಸವೇ ಇಲ್ಲದ, ಇಡಿಯಾಗಿ ತಾಮ್ರದ ಗುಂಡುಗಳೂ ರೂಪುಗೊಂಡವು. ಅವು ಅರಳಿದರೂ ತೂಕವನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದಿಲ್ಲ.

ಸೀಸದ ಚೂರುಗಳ ಕೇಡು ಬೇಟೆಯೊಂದಿಗೆ ಮುಗಿಯುವುದಿಲ್ಲ. ಕಳೇಬರದಲ್ಲಿ ಉಳಿದ ಚೂರುಗಳನ್ನು ನುಂಗಿ ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳು ವಿಷವೇರಿ ಸತ್ತುದುಂಟು. ಆ ರಾಜ್ಯವು 2019ರ ಜುಲೈ 1ರಿಂದ ವನ್ಯಪ್ರಾಣಿಗಳ ಬೇಟೆಯಲ್ಲಿ ಸೀಸದ ಗುಂಡುಗಳನ್ನು ಸಂಪೂರ್ಣವಾಗಿ ನಿಷೇಧಿಸಿತು.

ಹೀಗೆ ಗುಂಡಿನ ವೇಗವೊಂದನ್ನೇ ಹೆಚ್ಚಿಸಿದರೆ ಸಾಲದು. ಆ ವೇಗವನ್ನು ತಾಳಿಕೊಳ್ಳುವ ರಚನೆಯೂ ಅದಕ್ಕಿರಬೇಕು. ಬೇಟೆಗೆ ಕಾನೂನಿನ ಸಮ್ಮತಿಯಿರುವ ನಾಡುಗಳಲ್ಲಿ ಈ ವಿಷಯವನ್ನು ಅರಿಯದೆ ಬಂದೂಕು ಹಿಡಿಯುವವನ ತಪ್ಪಿಗೆ ಮೂಕಪ್ರಾಣಿ ನೋವನ್ನು ತೆರಬೇಕಾಗುತ್ತದೆ.